ಬಿಸಿಯಾದ ಮೇಲೆ ಗೇರ್ ಬೀಳದ ಹಳೇ ಪಿಕಪ್: ಗೇರ್‌ಬಾಕ್ಸ್ ಇಳಿಸಲೇಬೇಕಾ?

ತೋಟದ ಗಾಡಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಡೀಸೆಲ್ ಪಿಕಪ್. ಐದು ಗೇರು, 2 ಲಕ್ಷ 30 ಸಾವಿರ ಕಿ.ಮೀ. ಓಡಿದೆ. ಅಪ್ಪನ ಕಾಲದಿಂದ ಗೊಬ್ಬರ, ಶುಂಠಿ, ಅಡಿಕೆ ಎಲ್ಲ ಇದರಲ್ಲೇ ಹೋಗಿ ಬರೋದು. ಮೂರು ವಾರದಿಂದ ಗೇರ್ ಕಾಟ ಕೊಡ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ಏನೂ ಗೊತ್ತಾಗಲ್ಲ. ಲೋಡ್ ಹಾಕ್ಕೊಂಡು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಸಿಗ್ನಲ್‌ನಲ್ಲಿ ನಿಂತರೆ ಫಸ್ಟ್ ಬೀಳಲ್ಲ, ಲಿವರ್ ಕಲ್ಲಿಗೆ ತಾಗಿದ ಹಾಗೆ ನಿಂತುಬಿಡುತ್ತೆ. ಮಂಡಿಯಲ್ಲಿ ಹಿಂದಕ್ಕೆ ತಗೊಳ್ಳುವಾಗ ರಿವರ್ಸ್ ಗರ್ರ್ ಅಂತ ಅರಚುತ್ತೆ, ಸುತ್ತ ಇದ್ದವರೆಲ್ಲ ತಿರುಗಿ ನೋಡ್ತಾರೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಥರ್ಡಿಂದ ಸೆಕೆಂಡಿಗೆ ಇಳಿಸುವಾಗಲೂ ಕರಕರ ಸದ್ದು.

ಗ್ಯಾರೇಜಿನವರು ಒಂದು ಸಲ ಓಡಿಸಿ ನೋಡಿ, "ಸಿಂಕ್ರೋ ರಿಂಗ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು, ಇಪ್ಪತ್ತೆಂಟು ಸಾವಿರ ಇಟ್ಕೊಳ್ಳಿ" ಅಂದ್ರು. ಅಡಿಕೆ ಕೊಯ್ಲು ಶುರುವಾಗೋಕೆ ಮುಂಚೆ ಅಷ್ಟು ದುಡ್ಡು ಹೊಂದಿಸೋದು ಕಷ್ಟ. ಕ್ಲಚ್ ಪ್ಲೇಟ್ ಹಾಕಿಸಿ 40 ಸಾವಿರ ಕಿ.ಮೀ. ಆಗಿದೆ ಅಷ್ಟೆ. ಇಳಿಸೋ ಮೊದಲು ನಾನೇ ನೋಡಬಹುದಾದ್ದು ಏನಾದ್ರೂ ಇದ್ಯಾ?

ಹಳೇ ಫಿಟ್ಟರ್, ಹಾಸನ

ಇದೆ. ದಯವಿಟ್ಟು ಇನ್ನೂ ಇಳಿಸಬೇಡಿ. ಮೂವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿದವನು ಹೇಳ್ತಿದ್ದೀನಿ, ಗೇರ್ ಬೀಳ್ತಿಲ್ಲ ಅಂತ ಬಂದ ಗಾಡಿಗಳಲ್ಲಿ ಎಷ್ಟೋ ಸಲ ಗೇರ್‌ಬಾಕ್ಸಿನದು ತಪ್ಪೇ ಇರ್ತಿರಲಿಲ್ಲ. ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡ್ತಿರಲಿಲ್ಲ, ಅಂದ್ರೆ ಎಂಜಿನ್ನಿಂದ ಬಾಕ್ಸನ್ನ ಬೇರೆ ಮಾಡ್ತಿರಲಿಲ್ಲ ಅಷ್ಟೆ.

ಮೊದಲು ಇಷ್ಟು ಮಾಡಿ ನೋಡಿ, ಒಂದು ರೂಪಾಯಿ ಖರ್ಚಿಲ್ಲ. ಗಾಡಿ ಚೆನ್ನಾಗಿ ಬಿಸಿಯಾಗಿ ಗೇರ್ ಕಾಟ ಕೊಡ್ತಿರುವಾಗಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಫಸ್ಟಿಂದ ಫಿಫ್ತ್, ಆಮೇಲೆ ರಿವರ್ಸ್, ಎಲ್ಲ ಹಾಕಿ ನೋಡಿ. ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಬೀಳದಿದ್ದರೆ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಗಟ್ಟಿ ಇದ್ದರೆ ಲಿವರ್, ಬಾಕ್ಸ್ ಒಳಗೆ ಗೇರ್ ಸರಿಸೋ ಸೆಲೆಕ್ಟರ್ ಫೋರ್ಕ್, ಶಾಫ್ಟ್ ಆ ಕಡೆ ನೋಡ್ಬೇಕು.

ಎರಡನೇದು ರಿವರ್ಸ್ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಹತ್ತು ಎಣಿಸಿ, ಆಮೇಲೆ ರಿವರ್ಸ್‌ಗೆ ಹಾಕಿ. ನಿಮ್ಮ ಗಾಡಿ ಕಾಲದ ಬಹಳಷ್ಟು ಪಿಕಪ್‌ಗಳಲ್ಲಿ ರಿವರ್ಸಿಗೆ ಸಿಂಕ್ರೋ, ಅಂದ್ರೆ ಗೇರ್ ಕಚ್ಚೋ ಮೊದಲು ಎರಡು ಕಡೆಯ ವೇಗ ಒಂದು ಮಾಡೋ ಬಳೆ, ಇಲ್ಲವೇ ಇಲ್ಲ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಹತ್ತು ಎಣಿಸೋದರೊಳಗೆ ಒಳಗಿನ ಶಾಫ್ಟ್ ನಿಂತಿರುತ್ತೆ, ಸದ್ದಿಲ್ಲದೆ ಬೀಳುತ್ತೆ. ಆಗಲೂ ಅರಚಿದರೆ ಆ ಶಾಫ್ಟನ್ನ ಎಂಜಿನ್ ಇನ್ನೂ ತಿರುಗಿಸ್ತಾ ಇದೆ ಅಂತ ಅರ್ಥ.

ಕೊನೇದಾಗಿ, ಬೀಳದಿದ್ದಾಗ ಪೆಡಲ್ ಎರಡು ಮೂರು ಸಲ ಪಂಪ್ ಮಾಡಿ ಹಾಕಿ ನೋಡಿ. ಏನಾಗುತ್ತೆ ಅಂತ ಇಲ್ಲಿ ಬರೀರಿ.

ಗಾಲಿ ಚಕ್ರ, ಮೈಸೂರು

ಲಿವರ್ ಅಲ್ಲಾಡ್ತಿದ್ಯಾ ನೋಡ್ಕೊಳ್ಳಿ ಸಾರ್. ನನ್ನ ಗಾಡೀಲಿ ಲಿವರ್ ಬುಡದ ನೈಲಾನ್ ಬುಶ್ ತಿಂದುಹೋಗಿ ಯಾವ ಗೇರ್ ಎಲ್ಲಿದೆ ಅಂತಾನೇ ಗೊತ್ತಾಗ್ತಿರಲಿಲ್ಲ. ಮೇಲಿನ ರಬ್ಬರ್ ಬೂಟ್ ತೆಗೆದು ಹೊಸ ಬುಶ್ ಹಾಕಿದ್ರು, ಅರ್ಧ ಗಂಟೆ ಕೆಲಸ.

ಬಾಗಲಕೋಟಿ ಪಿಕಪ್

ನಮ್ಮ ಗಾಡಿಗೂ ಹಿಂಗ ಆಗಿತ್ರಿ ಅಣ್ಣಾರ. ದ್ರಾಕ್ಷಿ ಹೇರ್ಕೊಂಡು ವಿಜಯಪುರಕ್ಕ ಹೊಂಟಾಗ ಫಸ್ಟ್ ಗೇರ್ ಬೀಳವಲ್ದು. ಎಂಜಿನ್ ಬಂದ್ ಮಾಡಿ, ಫಸ್ಟಿಗೆ ಹಾಕಿ, ಕ್ಲಚ್ ಒತ್ಕೊಂಡ ಸೆಲ್ಫ್ ಹೊಡದ್ರ ಗಾಡಿ ಮುಂದಕ್ಕ ಜಿಗೀತಿತ್ತು. ಪೆಡಲ್ ಕಡಿ ಇರೂ ಕ್ಲಚ್ ಮಾಸ್ಟರ್ ಸಿಲಿಂಡರ್ ಹೊಸಾದು ಹಾಕ್ಸಿದೆ, ಬಾಕ್ಸ್ ಕಡಿ ಇರೂ ಸ್ಲೇವ್ ಸಿಲಿಂಡರ್ ಹೊಸಾದು ಹಾಕ್ಸಿದೆ, ಏನೂ ಫರಕ್ ಆಗಲಿಲ್ಲ. ಕಡೀಕ ಬಾಕ್ಸ್ ಇಳಿಸಿ ನೋಡಿದ್ರ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಸುಟ್ಟು ಶಾಫ್ಟಿಗೆ ಅಂಟ್ಕೊಂಡಿತ್ತು. ಸಣ್ಣ ಸಾಮಾನು, ಆದ್ರ ಅದನ್ನ ಮುಟ್ಟಬೇಕಂದ್ರ ಇಡೀ ಬಾಕ್ಸ್ ಕೆಳಗ ಬರಬೇಕು. ನಿಮ್ದೂ ಅದೇ ಇರಬೇಕಂತೇನಿಲ್ಲ, ಖರೆ. ಇಳಸೂ ಪ್ರಸಂಗ ಬಂದ್ರ ಮರೀಬ್ಯಾಡ್ರಿ.

ಹಳೇ ಫಿಟ್ಟರ್, ಹಾಸನ

ಬಾಗಲಕೋಟೆಯವರು ಹೇಳಿದ್ದು ಸರಿ. ಅದಕ್ಕೇ ಪಂಪ್ ಮಾಡಿ ನೋಡಿ ಅಂದಿದ್ದು. ಪಂಪ್ ಮಾಡಿದಾಗ ಗೇರ್ ಬಿದ್ದರೆ ಕ್ಲಚ್ ಆಯಿಲ್ ಲೈನಿನಲ್ಲಿ ಗಾಳಿ, ಇಲ್ಲಾ ರಬ್ಬರ್ ಸೀಲ್ ಸೋರಿಕೆ. ಪೈಲಟ್ ಬೇರಿಂಗ್ ಹಿಡ್ಕೊಂಡಿದ್ದರೆ ಎಷ್ಟು ಪಂಪ್ ಮಾಡಿದರೂ ಅಷ್ಟೆ, ಕ್ಲಚ್ ಪೂರ್ತಿ ಬಿಟ್ಟಿದ್ದರೂ ಆ ಬೇರಿಂಗೇ ಶಾಫ್ಟನ್ನ ಎಳ್ಕೊಂಡು ತಿರುಗಿಸುತ್ತೆ.

ತೋಟದ ಗಾಡಿ, ತೀರ್ಥಹಳ್ಳಿ

ಮೇಸ್ತ್ರಿಗಳೇ, ಇವತ್ತು ಮಂಡಿಯಿಂದ ಬರುವಾಗ ಎಲ್ಲ ಮಾಡಿ ನೋಡಿದೆ. ಎಂಜಿನ್ ಆಫ್ ಇದ್ದಾಗ ಐದೂ ಗೇರು, ರಿವರ್ಸ್ ಸಮೇತ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಿತ್ತು! ಸ್ಟಾರ್ಟ್ ಮಾಡಿ ಹತ್ತು ಎಣಿಸಿ ರಿವರ್ಸ್ ಹಾಕಿದ್ರೆ ಅದೇ ಅರಚಾಟ. ಎರಡು ಸಲ ಪಂಪ್ ಮಾಡಿ ಮೂರನೇ ಸಲ ಒತ್ತಿ ಹಿಡಿದು ಹಾಕಿದೆ, ಸದ್ದೇ ಇಲ್ಲದೆ ಬಿತ್ತು.

ಕ್ಲಚ್ ಆಯಿಲ್ ಡಬ್ಬಿ ನೋಡಿದೆ. ಗೆರೆಯಿಂದ ಎರಡು ಬೆರಳು ಕೆಳಗಿದೆ, ಬಣ್ಣ ಕಾಫಿ ಡಿಕಾಕ್ಷನ್ ಥರ ಆಗಿದೆ. ಅದನ್ನ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಅಪ್ಪನಿಗೂ ನೆನಪಿಲ್ಲ.

ಕುಡ್ಲ ಡೀಸೆಲ್, ಮಂಗಳೂರು

ಹಾಗಾದ್ರೆ ದಾರಿ ಸಿಕ್ಕಿತು ಮಾರಾಯ್ರೇ. ಕಡಿಮೆ ಆದ ಆಯಿಲ್ ಎಲ್ಲಿಗೋ ಹೋಗಿರಲೇಬೇಕಲ್ಲ. ಎರಡು ಜಾಗ ನೋಡಿ. ಒಂದು, ಕ್ಯಾಬಿನ್ ಒಳಗೆ ಪೆಡಲ್ ಮೇಲ್ಗಡೆ ಮಾಸ್ಟರ್ ಸಿಲಿಂಡರಿನ ರಾಡ್ ಬರುವ ಜಾಗ. ಅಲ್ಲಿ ಒದ್ದೆ ಉಂಟಾ, ಮ್ಯಾಟ್ ಕೆಳಗೆ ಪೇಂಟ್ ಎದ್ದಿದೆಯಾ ನೋಡಿ. ಮತ್ತೊಂದು, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್. ಅದರ ರಬ್ಬರ್ ಬೂಟನ್ನು ಮೆಲ್ಲ ಹಿಂದೆ ಸರಿಸಿ. ಒಳಗೆ ಆಯಿಲ್ ಉಂಟಾದ್ರೆ ಸಿಲಿಂಡರಿನ ರಬ್ಬರ್ ಕಪ್ (ಸೀಲ್) ಹೋಗಿದೆ ಅಂತಲೇ ಲೆಕ್ಕ.

ಬಿಸಿಯಾದ ಮೇಲೆ ಯಾಕೆ ಅಂತ ಕೇಳ್ಬಹುದು. ಬ್ರೇಕಿಗೆ, ಕ್ಲಚ್ಚಿಗೆ ಹಾಕುವ ಈ ಆಯಿಲ್ ಗಾಳಿಯ ತೇವವನ್ನು ಹೀರ್ತಾ ಇರ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸತಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ಕಟ್ಟಳೆ, ತೇವ ಹೀರಿದ ಮೇಲೆ ಅದೇ ಲೆಕ್ಕ 140ಕ್ಕೆ ಇಳೀತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಕರಾವಳಿ, ನಿಮ್ಮ ಮಲೆನಾಡು, ಎರಡೂ ಕಡೆ ಆರು ತಿಂಗಳು ತೇವವೇ ಅಲ್ವಾ? ಸೈಲೆನ್ಸರ್ ಪೈಪಿನ ಶಾಖ ತಾಗುವ ಜಾಗದಲ್ಲಿ ಸ್ಲೇವ್ ಇದ್ರೆ ಒಳಗಿನ ಗಾಳಿಗುಳ್ಳೆ ಹಿಗ್ತದೆ, ಸವೆದ ರಬ್ಬರ್ ಕಪ್ ಮೆತ್ತಗಾಗಿ ಒತ್ತಡ ಬಿಟ್ಟುಬಿಡ್ತದೆ. ನೀವು ಪೆಡಲ್ ಪೂರ್ತಿ ಒತ್ತಿದ್ರೂ ಕ್ಲಚ್ಚಿಗೆ ಮುಟ್ಟುವುದು ಅರ್ಧವೇ.

ಹೋಸನ್ನು ಸಹ ನೋಡಿ ಆಯ್ತಾ. ಹಳೇ ರಬ್ಬರ್ ಹೋಸ್ ಪೆಡಲ್ ಒತ್ತಿದಾಗ ಉಬ್ಬಿದರೆ ಆ ಒತ್ತಡ ಅಲ್ಲಿಯೇ ವ್ಯರ್ಥ. ಒಬ್ಬರು ಪೆಡಲ್ ಒತ್ತಲಿ, ನೀವು ಹೋಸನ್ನು ಕೈಯಲ್ಲಿ ಹಿಡಿದು ನೋಡಿ.

ಹಳೇ ಫಿಟ್ಟರ್, ಹಾಸನ

ಇನ್ನೊಂದು ಅಳತೆ ತಗೊಳ್ಳಿ. ಸ್ಲೇವಿನ ರಾಡ್ ಕ್ಲಚ್ ಫೋರ್ಕನ್ನ ಎಷ್ಟು ದೂರ ತಳ್ಳುತ್ತೆ ಅಂತ ಸ್ಕೇಲ್ ಹಿಡಿದು ನೋಡಿ, ತಣ್ಣಗಿದ್ದಾಗ ಒಂದು ಸಲ, ಬಿಸಿಯಾದಾಗ ಒಂದು ಸಲ. ನಿಮ್ಮ ಗಾಡಿಗೆ ಎಷ್ಟಿರಬೇಕು ಅನ್ನೋದು ಮ್ಯಾನುಯಲ್‌ನಲ್ಲಿರುತ್ತೆ. ಅದು ಸಿಗದಿದ್ದರೂ ಎರಡು ಅಳತೆಯ ನಡುವಿನ ವ್ಯತ್ಯಾಸವೇ ಕಥೆ ಹೇಳುತ್ತೆ.

ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಮೇಲೆ, ಹಿಂದೆ ಮುಂದೆ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಕೆಳಗೆ ಹೋಗಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ. ಹಾಗೆ ಮಲಗಿದ ಹುಡುಗನೊಬ್ಬನನ್ನ ನಾವು ಎತ್ತಿಕೊಂಡು ಓಡಿದ್ದು ಇವತ್ತಿಗೂ ಕಣ್ಣಮುಂದಿದೆ.

ಲೋಡ್ ಲೈನ್, ಚಿತ್ರದುರ್ಗ

ಇಷ್ಟೆಲ್ಲ ಯಾಕೆ? 140ರ ದಪ್ಪ ಗೇರ್ ಆಯಿಲ್ ಹಾಕಿಬಿಡಿ, ಸದ್ದು ಅಡಗುತ್ತೆ. ನಮ್ಮ ಕಡೆ ಹಳೇ ಗಾಡಿಗಳಿಗೆಲ್ಲ ಅದನ್ನೇ ಹಾಕೋದು.

ಹಳೇ ಫಿಟ್ಟರ್, ಹಾಸನ

ಅಣ್ಣ, ಸದ್ದು ಅಡಗುತ್ತೆ, ರೋಗ ಹೋಗಲ್ಲ. ಈ ವಿಷಯ ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಆಯಿಲ್ ತಪ್ಪಾಗಿ ಹಾಳಾದ ಬಾಕ್ಸುಗಳನ್ನ ಬೇಕಾದಷ್ಟು ನೋಡಿದ್ದೀನಿ.

ಸಿಂಕ್ರೋ ರಿಂಗ್ ಅಂದ್ರೆ ಹಿತ್ತಾಳೆಯ ಬಳೆ. ಗೇರ್ ಹಾಕುವಾಗ ಅದು ಮೊದಲು ಗೇರಿನ ಉಕ್ಕಿನ ಕೋನಿಗೆ ಹೋಗಿ ಉಜ್ಜುತ್ತೆ. ಆ ಉಜ್ಜುವಿಕೆಯಿಂದ ಎರಡು ಕಡೆಯ ವೇಗ ಒಂದಾಗುತ್ತೆ, ಆಮೇಲೆ ಶಾಫ್ಟಿನ ಮೇಲಿನ ಕಾಲರ್ (ಸ್ಲೀವ್) ಜಾರಿ ಗೇರ್ ಕಚ್ಚುತ್ತೆ. ಆಯಿಲ್ ಬೇಕಾದ್ದಕ್ಕಿಂತ ದಪ್ಪ ಇದ್ದರೆ ಬಳೆ ಆ ಆಯಿಲ್ ಪದರವನ್ನ ಬೇಗ ಹಿಂಡಿ ಹಾಕೋಕೆ ಆಗಲ್ಲ, ಬೆಳಗಿನ ಚಳಿಯಲ್ಲಿ ಗೇರ್ ಇನ್ನೂ ಗಟ್ಟಿಯಾಗುತ್ತೆ. ಇನ್ನು ಗೇರ್ ಆಯಿಲಲ್ಲಿ ಜಿಎಲ್-4, ಜಿಎಲ್-5 ಅಂತ ದರ್ಜೆ ಇರುತ್ತೆ, ಜಿಎಲ್-5 ಮಾಡಿರೋದು ಮುಖ್ಯವಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ. ಅಲ್ಲಿ ಹಲ್ಲುಗಳು ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ವೆ, ಅದಕ್ಕೆ ಗಂಧಕ, ರಂಜಕದ ಮಿಶ್ರಣ ಜಾಸ್ತಿ ಇರುತ್ತೆ. ಅದು ಕೆಲವು ಆಯಿಲ್‌ಗಳಲ್ಲಿ ಹಿತ್ತಾಳೆಯನ್ನ ತಿನ್ನುತ್ತೆ, ಬಳೆಗೆ ಬೇಕಾದ ಹಿಡಿತವೂ ಸಿಗಲ್ಲ. ಮ್ಯಾನುಯಲ್‌ನಲ್ಲಿ ಜಿಎಲ್-4 ಅಂತ ಇದ್ದರೆ ಜಿಎಲ್-4 ಹಾಕಿ. "ನಂಬರ್ ದೊಡ್ಡದು, ಆಯಿಲ್ ಒಳ್ಳೇದು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಈ ಗಾಡಿಯಲ್ಲಿ ಮೊದಲು ಆಗಬೇಕಾದ್ದು ಕ್ಲಚ್. ಕ್ಲಚ್ ಪೂರ್ತಿ ಬಿಡದಿದ್ದಾಗ ಆ ಸಣ್ಣ ಬಳೆ ಬರೀ ಶಾಫ್ಟನ್ನಲ್ಲ, ಓಡ್ತಿರೋ ಎಂಜಿನ್ನನ್ನೇ ತಡೆದು ನಿಲ್ಲಿಸೋಕೆ ಹೋಗುತ್ತೆ. ಎಷ್ಟು ದಿನ ತಡೆಯುತ್ತೆ? ಬಾಕ್ಸ್ ಇಳಿಸಿ ಹೊಸ ಬಳೆ ಹಾಕಿ ಇದೇ ಕ್ಲಚ್ಚಲ್ಲಿ ಓಡಿಸಿದ್ರೆ ಅದೂ ತಿಂದುಹೋಗುತ್ತೆ. ಆಗ ಇಪ್ಪತ್ತೆಂಟು ಸಾವಿರ ಎರಡು ಸಲ ಕೊಟ್ಟ ಹಾಗೆ.

ಡಲ್ಲಾಸ್ ಕನ್ನಡಿಗ

ನಾನಿರೋದು ಟೆಕ್ಸಾಸ್‌ನಲ್ಲಿ. ಇಲ್ಲಿ ಹಳೇ ಪಿಕಪ್ ಅಂದ್ರೆ ಬಹುಪಾಲು ಆಟೊಮ್ಯಾಟಿಕ್. ಈ ಚರ್ಚೆ ಓದಿ ಆಟೊಮ್ಯಾಟಿಕ್ ಇಟ್ಟುಕೊಂಡವರು ಗೊಂದಲ ಮಾಡ್ಕೋಬಾರದು ಅಂತ ಬರೀತಿದ್ದೀನಿ. ಮೇಲಿನ ಕ್ಲಚ್ ಪರೀಕ್ಷೆ ಯಾವುದೂ ಅದಕ್ಕೆ ಅನ್ವಯ ಆಗಲ್ಲ. ನನ್ನ 2004ರ ಗಾಡಿ ಒಂದರಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗ್ತಿತ್ತು. ಮೊದಲು ಕೇಳಿದ ಕಡೆ ಇಡೀ ಟ್ರಾನ್ಸ್‌ಮಿಷನ್ ರೀಬಿಲ್ಡ್ ಅಂದ್ರು. ಅದರಲ್ಲಿ ಮೊದಲು ನೋಡಬೇಕಾದ್ದು ಆಯಿಲ್. ಡಿಪ್‌ಸ್ಟಿಕ್ ಇರೋ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಬಿಸಿಯಾಗಿ ಓಡ್ತಿರುವಾಗಲೇ ಮಟ್ಟ ನೋಡಬೇಕು, ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಸವೆದಿವೆ. ಆಮೇಲೆ ಸ್ಕ್ಯಾನರ್. ಇಲ್ಲಿ 1996ರಿಂದ ಬಂದ ಗಾಡಿಗಳಿಗೆಲ್ಲ ಕಂಪ್ಯೂಟರ್ ಗುರುತಿಸಿದ ದೋಷದ ಕೋಡ್ ಓದೋಕೆ ಒಂದೇ ಥರದ ಒಬಿಡಿ ಸಾಕೆಟ್ ಇದೆ. ನನಗೆ ಪಿ 0700 ಅನ್ನೋ ಕೋಡ್ ಬಂತು. ಅದು ಬರೀ "ಒಳಗೆ ಇನ್ನೊಂದು ಕೋಡ್ ಇದೆ, ಹುಡುಕು" ಅನ್ನೋ ಸೂಚನೆ. ಟ್ರಾನ್ಸ್‌ಮಿಷನ್ ಕೋಡ್ ಓದೋ ಸ್ಕ್ಯಾನರ್ ಹಾಕಿದಾಗ ಗೇರ್ ಬದಲಿಸೋ ವಿದ್ಯುತ್ ವಾಲ್ವ್, ಅಂದ್ರೆ ಶಿಫ್ಟ್ ಸೊಲೆನಾಯ್ಡಿನ ಕೋಡ್ ಸಿಕ್ಕಿತು. ಅದೊಂದನ್ನ ಬದಲಾಯಿಸಿ ಎರಡು ವರ್ಷ ಆಯ್ತು, ಗಾಡಿ ಓಡ್ತಾ ಇದೆ.

ತೋಟದ ಗಾಡಿ, ತೀರ್ಥಹಳ್ಳಿ

ಒಂದು ವಾರ ತಡವಾಯ್ತು, ಕ್ಷಮಿಸಿ. ಮನೇಲಿ ಕೆಲಸದವರು ಇದ್ದರು.

ಕ್ಯಾಬಿನ್ ಒಳಗೆ ಒಣಗಿಯೇ ಇತ್ತು. ಸ್ಲೇವಿನ ಬೂಟ್ ಸರಿಸಿದ ಕೂಡಲೆ ಕಪ್ಪು ಆಯಿಲ್ ಕೈ ಮೇಲೆ ಸುರಿಯಿತು. ರಾಡ್ ಅಳತೆ ತಣ್ಣಗಿದ್ದಾಗ 13 ಮಿ.ಮೀ., ಬಿಸಿಯಾದಾಗ 8. ತಮ್ಮ ಪೆಡಲ್ ಒತ್ತಿದಾಗ ಹೋಸ್ ಉಬ್ಬೋದು ಕೈಗೆ ಚೆನ್ನಾಗಿ ಗೊತ್ತಾಗ್ತಿತ್ತು.

ಊರಿನ ಹುಡುಗನೊಬ್ಬ ಮೆಕ್ಯಾನಿಕ್ ಇದಾನೆ, ಅವನ ಜೊತೆ ಕೂತು ಸ್ಲೇವ್ ಪೂರ್ತಿ ಹೊಸದು, ಹೋಸ್ ಹೊಸದು ಹಾಕಿದೆ. ಆಯಿಲ್ ಎಲ್ಲ ತೆಗೆದು, ಮುಚ್ಚಳದ ಮೇಲೆ ಬರೆದಿದ್ದ ಡಾಟ್ 3 ಹೊಸ ಬಾಟಲಿ ಒಡೆದು ಹಾಕಿದ್ದು. ಗಾಳಿ ತೆಗೆಯುವಾಗ ಡಬ್ಬಿ ಒಮ್ಮೆ ಖಾಲಿಯಾಗಿ ಮತ್ತೆ ಮೊದಲಿಂದ ಮಾಡಬೇಕಾಯ್ತು, ಹಾಗಾಗಿ ಮಾಡುವವರು ಡಬ್ಬಿ ಕಡೆ ಒಬ್ಬರನ್ನ ನಿಲ್ಲಿಸಿಕೊಳ್ಳಿ. ಆಯಿಲ್ ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತೆ. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗೀತು.

ಈಗ ಅಳತೆ ತಣ್ಣಗಿದ್ರೂ ಬಿಸಿಯಿದ್ರೂ 15. ಶಿವಮೊಗ್ಗಕ್ಕೆ ಎರಡು ಸಲ ಲೋಡ್ ತಗೊಂಡು ಹೋಗಿ ಬಂದೆ. ಫಸ್ಟ್, ರಿವರ್ಸ್ ಎರಡೂ ಒಂದೇ ಬೆರಳಲ್ಲಿ ಬೀಳ್ತಿದೆ! ಮೇಸ್ತ್ರಿಗಳೇ, ಕುಡ್ಲದವರೇ, ನಿಮ್ಮ ಋಣ ದೊಡ್ಡದು.

ಆದ್ರೆ ಒಂದು ಉಳಿದಿದೆ. ಥರ್ಡಿಂದ ಸೆಕೆಂಡಿಗೆ ಇಳಿಸುವಾಗಿನ ಕರಕರ ಹೋಗಿಲ್ಲ.

ಹಳೇ ಫಿಟ್ಟರ್, ಹಾಸನ

ಒಳ್ಳೇದಾಯ್ತು. ಉಳಿದದ್ದು ನನಗೆ ಆಶ್ಚರ್ಯ ಇಲ್ಲ. ಘಾಟಿ ಓಡಿಸೋರ ಗಾಡಿಯಲ್ಲಿ ಮೊದಲು ಹೋಗೋದು ಸೆಕೆಂಡಿನ ಬಳೆಯೇ, ಪ್ರತಿ ತಿರುವಿಗೂ ಅದಕ್ಕೇ ಕೆಲಸ. ಥರ್ಡಿಂದ ಸೆಕೆಂಡಿಗೆ ಇಳಿಸುವಾಗ ಶಾಫ್ಟಿನ ವೇಗವನ್ನ ಆ ಬಳೆ ಏರಿಸ್ಬೇಕು.

ಡಬಲ್ ಕ್ಲಚ್ ಮಾಡಿ ನೋಡಿ. ಥರ್ಡಿಂದ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಿ, ಆಕ್ಸಿಲರೇಟರ್ ಸ್ವಲ್ಪ ಮೀಟಿ, ಮತ್ತೆ ಕ್ಲಚ್ ಒತ್ತಿ ಸೆಕೆಂಡಿಗೆ ಹಾಕಿ. ಹಾಗೆ ಮಾಡಿದಾಗ ಸದ್ದಿಲ್ಲದೆ ಬಿದ್ದರೆ ಬಳೆ ಸವೆದಿದೆ ಅಂತ ಖಾತ್ರಿ, ಯಾಕಂದ್ರೆ ಬಳೆಯ ಕೆಲಸವನ್ನ ನಿಮ್ಮ ಕಾಲು ಮಾಡ್ತಿದೆ.

ಜೊತೆಗೆ ಗೇರ್ ಆಯಿಲ್ ತೆಗೆದು ನೋಡಿ. ಮೊದಲು ಮೇಲಿನ ಫಿಲ್ಲಿಂಗ್ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್. ಮೇಲಿನದು ತುಕ್ಕು ಹಿಡಿದು ಬಿಚ್ಚೋಕೆ ಆಗದೆ, ಕೆಳಗಿನಿಂದ ಆಯಿಲ್ ಎಲ್ಲ ಹೋಗಿಬಿಟ್ಟಿದ್ದರೆ ಗಾಡಿ ಅಲ್ಲೇ ನಿಲ್ಲುತ್ತೆ. ಬಂದ ಆಯಿಲನ್ನ ಬಿಳಿ ತಟ್ಟೆಗೆ ಹಿಡಿದು ಬಿಸಿಲಲ್ಲಿ ನೋಡಿ. ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಹಿತ್ತಾಳೆ. ಅಯಸ್ಕಾಂತಕ್ಕೆ ಬೂದಿಯಂಥ ಕೆಸರು ಅಂಟೋದು ಸಾಮಾನ್ಯ. ಉಕ್ಕಿನ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಮಾತ್ರ ಒಂದು ದಿನವೂ ಓಡಿಸಬೇಡಿ.

ಸದ್ದನ್ನೂ ಗಮನಿಸಿ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಗುಂಯ್ ಅಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್.

ಬಾಗಲಕೋಟಿ ಪಿಕಪ್

ಒಂದ ಮಾತ್ರಿ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದ "ಟಣ್" ಅಂತ ಬಂದ್ರ ಅದು ಗೇರ್‌ಬಾಕ್ಸಲ್ಲ, ಬಾಕ್ಸಿಂದ ಹಿಂದಿನ ಗಾಲಿ ಕಡಿ ಹೋಗೂ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್. ಶಾಫ್ಟ್ ಕೈಲೆ ಹಿಡಿದು ತಿರುವಿ ನೋಡ್ರಿ, ಆಟ ಇದ್ರ ಗೊತ್ತಾಕ್ಕತಿ. ನಾನು ಅದಕ್ಕೂ ಬಾಕ್ಸೇ ಕಾರಣ ಅಂತ ತಿಳ್ಕೊಂಡು ಎಂಟು ದಿನ ಗಾಡಿ ನಿಲ್ಲಿಸಿದ್ದೆ.

ತೋಟದ ಗಾಡಿ, ತೀರ್ಥಹಳ್ಳಿ

ಶಾಫ್ಟಿನಲ್ಲಿ ಆಟ ಇಲ್ಲ ಅಣ್ಣ, ನೋಡಿದೆ. ಬೇರಿಂಗ್ ಸದ್ದೂ ಇಲ್ಲ.

ಗೇರ್ ಆಯಿಲ್ ತೆಗೆದಾಗ ಇರಬೇಕಾದ್ದಕ್ಕಿಂತ ಸುಮಾರು ಅರ್ಧ ಲೀಟರ್ ಕಮ್ಮಿ ಬಂತು. ಬಾಕ್ಸಿನ ಹಿಂಬದಿ, ಶಾಫ್ಟ್ ಸೇರೋ ಜಾಗದಲ್ಲಿ ಆಯಿಲ್ ಸೀಲ್ ಸೋರಿ ಮಣ್ಣು ಮೆತ್ತಿಕೊಂಡಿತ್ತು. ತಟ್ಟೆ ಬಿಸಿಲಿಗೆ ಹಿಡಿದರೆ ಚಿನ್ನದ ಪುಡಿ ಹಾಗೆಯೇ ಮಿನುಗು. ಅಯಸ್ಕಾಂತದಲ್ಲಿ ಬೂದು ಕೆಸರು ಮಾತ್ರ, ಚೂರು ಏನೂ ಸಿಗಲಿಲ್ಲ. ಹಿಂದಿನ ಸೀಲ್ ಬದಲಾಯಿಸಿ, ಮ್ಯಾನುಯಲ್‌ನಲ್ಲಿದ್ದ ಹಾಗೆ ಜಿಎಲ್-4, 80 ಡಬ್ಲ್ಯು 90 ಹಾಕಿದೆ. ಸದ್ದು ಪೂರ್ತಿ ಹೋಗಿಲ್ಲ, ಅರ್ಧಕ್ಕರ್ಧ ಕಡಿಮೆ ಆಗಿದೆ. ಡಬಲ್ ಕ್ಲಚ್ ಮಾಡಿದ್ರೆ ಸೆಕೆಂಡ್ ಸದ್ದಿಲ್ಲದೆ ಬೀಳುತ್ತೆ. ಅಪ್ಪ ಪಕ್ಕದಲ್ಲಿ ಕೂತು, "ನಾವು ಲಾರಿ ಓಡಿಸುವಾಗ ಹೀಗೇ ಹಾಕೋದು" ಅಂತ ಎರಡು ಸಲ ಹೇಳಿಕೊಟ್ಟರು.

ಅಂದ್ರೆ ಗ್ಯಾರೇಜಿನವರು ಸಿಂಕ್ರೋ ಬಳೆ ಹೋಗಿದೆ ಅಂದಿದ್ದು ಸುಳ್ಳಲ್ಲ. ಫಸ್ಟ್, ರಿವರ್ಸ್ ಬೀಳದೆ ಇದ್ದದ್ದಕ್ಕೆ ಕಾರಣ ಬೇರೆ ಇತ್ತು ಅಷ್ಟೆ.

ಹಳೇ ಫಿಟ್ಟರ್, ಹಾಸನ

ಹೌದು, ಅವರಿಗೂ ಅನ್ಯಾಯ ಮಾಡಬಾರದು. ಕ್ಲಚ್ ನೋಡದೆ ಬಾಕ್ಸ್ ಇಳಿಸಿದ್ದರೆ ಮಾತ್ರ ಹೊಸ ಬಳೆಯ ಆಯಸ್ಸು ಕಮ್ಮಿ ಇರ್ತಿತ್ತು.

ಈಗ ಕೊಯ್ಲು ಮುಗಿಸಿ. ತಿರುವಿನಲ್ಲಿ ಅವಸರ ಬೇಡ, ಡಬಲ್ ಕ್ಲಚ್ ಮಾಡಿ, ಲಿವರ್ ಮೇಲೆ ಕೈ ಭಾರ ಇಟ್ಟುಕೊಂಡು ಓಡಿಸಬೇಡಿ, ಸೆಲೆಕ್ಟರ್ ಫೋರ್ಕ್ ಸವೆಯುತ್ತೆ. ತಿಂಗಳಿಗೊಮ್ಮೆ ಫಿಲ್ಲಿಂಗ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ಆಯಿಲ್ ಮಟ್ಟ ನೋಡಿ, ತೂತಿನ ಅಂಚಿಗೆ ಇರಬೇಕು. ಸೆಕೆಂಡ್ ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರೋಕೆ ಶುರುವಾದ್ರೆ ಆ ದಿನವೇ ಘಾಟಿ ಇಳಿಯೋದು ನಿಲ್ಲಿಸಿ. ಇಳಿಜಾರಲ್ಲಿ ಗೇರ್ ಹಾರಿದರೆ ಎಂಜಿನ್ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬರುತ್ತೆ.

ತೋಟದ ಗಾಡಿ, ತೀರ್ಥಹಳ್ಳಿ

ಇಲ್ಲಿವರೆಗೆ ಹಾರಿಲ್ಲ. ಫೆಬ್ರವರಿ ಕೊನೆಗೆ ಅಡಿಕೆ ಕೆಲಸ ಮುಗಿಯುತ್ತೆ, ಆಗ ಇಳಿಸ್ತೀನಿ. ಇಳಿಸಿದಾಗ ಸೆಕೆಂಡಿನ ಬಳೆ ಜೊತೆ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್, ಮುಂದಿನ ಆಯಿಲ್ ಸೀಲ್ ಇಷ್ಟೂ ಒಟ್ಟಿಗೆ ಮಾಡಿಸೋದು ಅಂತ ಬರೆದಿಟ್ಟಿದ್ದೀನಿ. ಕ್ಲಚ್ ಪ್ಲೇಟ್ 40 ಸಾವಿರಕ್ಕೇ ಬದಲಾಯಿಸಬೇಕಾ, ಬೇಡ್ವಾ?

ಹಳೇ ಫಿಟ್ಟರ್, ಹಾಸನ

ಇಳಿಸಿದಾಗ ಪ್ಲೇಟಿನ ದಪ್ಪ ಅಳೆದು ನೋಡಿ. ರಿವಿಟ್ ತಲೆ ಇನ್ನೂ ಆಳದಲ್ಲಿದ್ದು, ಡ್ಯಾಂಪರ್ ಸ್ಪ್ರಿಂಗುಗಳು ಅಲ್ಲಾಡದೆ, ಆಯಿಲ್ ಕಲೆ ಇಲ್ಲದಿದ್ದರೆ ಅದನ್ನೇ ಹಾಕಿಸಿ. ಪ್ಲೇಟ್ ಶಾಫ್ಟಿನ ಹಲ್ಲುಗಳ ಮೇಲೆ ಸಲೀಸಾಗಿ ಜಾರುತ್ತಾ ಅಂತಲೂ ನೋಡಿ. ಮಲೆನಾಡಿನ ತೇವಕ್ಕೆ ಅಲ್ಲಿ ತುಕ್ಕು ಕೂತಿದ್ದರೆ ಉಜ್ಜಿ ತೆಗೆದು, ಬೆರಳಲ್ಲಿ ಸವರಿದಷ್ಟು ಗ್ರೀಸ್ ಸಾಕು. ಹೆಚ್ಚಾದ್ರೆ ಪ್ಲೇಟಿಗೆ ಹಾರುತ್ತೆ. ಇಳಿಸಿದ ದಿನ ಫೋಟೊ ಹಾಕಿ, ಒಟ್ಟಿಗೆ ನೋಡೋಣ.